ಉಪ್ಪುನೀರೋ, ಮಳೆನೀರೋ?

ಪ್ರಶ್ನೆ: ನಾನು ವಿಜಯಪುರದವನು, ಕ್ಷೇತ್ರ ಸಮೀಕ್ಷೆಯ ಕೆಲಸ ಮಾಡುತ್ತೇನೆ. ಈ ಜೂನ್‌ನಲ್ಲಿ ಬೆಳಗಾವಿಗೆ ವರ್ಗವಾಯಿತು. ದಿನವೂ ಬೈಕಿನಲ್ಲಿ ಖಾನಾಪುರಕ್ಕೆ ಹೋಗಿ ಬರುತ್ತೇನೆ. ವಾರಕ್ಕೆರಡು ಸಲ ಜಾಂಬೋಟಿಯ ಆಚೆಗೂ ಹೋಗಿ ಹಳ್ಳಿಗಳಲ್ಲಿ ನಡೆಯಬೇಕಾಗುತ್ತದೆ. ಊರಿನಲ್ಲಿ ಐದು ವರ್ಷ ಒಂದು ಹನಿಯೂ ಸೋರದ ರೇನ್‌ಕೋಟು ಇಲ್ಲಿ ಒಂದೇ ವಾರದಲ್ಲಿ ಕೈಕೊಟ್ಟಿತು. ಅಂಗಡಿಯವರು ‘10,000 ಎಂಎಂ, ಉಸಿರಾಡುವ ಬಟ್ಟೆ’ ಎಂದು ದುಬಾರಿ ಜಾಕೆಟ್ ತೋರಿಸುತ್ತಿದ್ದಾರೆ. ಡಿಸೆಂಬರ್‌ನಲ್ಲಿ ಗೆಳೆಯರೊಂದಿಗೆ ಉತ್ತರಾಖಂಡದ ಕೇದಾರಕಂಠ ಚಾರಣಕ್ಕೆ ಹೋಗುವ ಯೋಚನೆಯೂ ಇದೆ. ಹಬ್ಬಕ್ಕೆ ಊರಿಗೆ ಹೋದರೆ ಹೊಲದ ಕೆಲಸ ಇದ್ದೇ ಇರುತ್ತದೆ. ಇಷ್ಟಕ್ಕೂ ಆ ಒಂದೇ ಜಾಕೆಟ್ ಸಾಕೇ?

ಉತ್ತರ: ಸಾಕಾಗುವುದಿಲ್ಲ. ಹಾಗೆಂದು ಮೂರ‍್ನಾಲ್ಕು ಕೊಳ್ಳುವ ಅಗತ್ಯವೂ ಇಲ್ಲ. ಎರಡು ಸಾಕು, ಅವುಗಳಲ್ಲಿ ಒಂದು ಅಗ್ಗದ್ದೇ ಇರಲಿ. ಯಾವುದು ಅಗ್ಗದ್ದಿರಬೇಕು, ಯಾವುದಕ್ಕೆ ಹಣ ಸುರಿಯಬೇಕು ಎನ್ನುವಲ್ಲಿ ಹೆಚ್ಚಿನವರು ಲೆಕ್ಕವನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ. ನಾನೂ ಮಾಡಿಕೊಂಡಿದ್ದೆ, ಅದೂ ಇದೇ ಕಸುಬಿನಲ್ಲಿದ್ದುಕೊಂಡು.

ನಾನು ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವನು. ಜವಳಿ ತಂತ್ರಜ್ಞಾನ ಓದಿ, ಲೇಪನದ ಬಟ್ಟೆ ತಯಾರಿಸುವ ಕಾರ್ಖಾನೆಯ ಪರೀಕ್ಷಾ ಮೇಜಿನ ಮುಂದೆ ವರ್ಷಗಟ್ಟಲೆ ಕೂತವನು. ಬೆಳಗಾವಿಗೆ ಬಂದ ಮೊದಲ ಮಳೆಗಾಲದಲ್ಲಿ ಒಂದು ತಿಂಗಳ ಸಂಬಳದ ದೊಡ್ಡ ಪಾಲು ತೆತ್ತು ಪರದೇಶದ ಜಾಕೆಟ್ ಕೊಂಡೆ. 20,000 ಎಂಎಂ ಎಂದು ಬರೆದಿತ್ತು. ಜುಲೈನ ಒಂದು ಭಾನುವಾರ ಅದನ್ನು ತೊಟ್ಟು ಕಣಕುಂಬಿ ಕಡೆಯ ಗುಡ್ಡ ಹತ್ತಿದೆ. ಎರಡು ಗಂಟೆಯಲ್ಲಿ ಒಳಗಿನ ಅಂಗಿ ಹಿಂಡಿದರೆ ನೀರು ಇಳಿಯುವಷ್ಟು ತೊಯ್ದಿತ್ತು. ಮರುದಿನ ಅಂಗಡಿಗೆ ಹೋಗಿ ಜಗಳವಾಡಿದೆ. ಅಂಗಡಿಯ ಮುದುಕರು ಸಿಟ್ಟಾಗಲಿಲ್ಲ. ‘ಒಳಗಿನ ನೀರು ಸಿಹಿಯೋ ಉಪ್ಪೋ ನೋಡಿದಿರಾ?’ ಎಂದು ಕೇಳಿದರು. ಮುಂದಿನ ಭಾನುವಾರ ಅದೇ ಗುಡ್ಡದ ಮೇಲೆ ನಿಂತು ತೋಳಿನ ಒಳಭಾಗಕ್ಕೆ ನಾಲಿಗೆ ತಾಗಿಸಿದೆ. ಉಪ್ಪು. ಜಾಕೆಟ್ ಒಂದು ಹನಿಯೂ ಸೋರಿರಲಿಲ್ಲ. ನಾನು ನನ್ನದೇ ಬೆವರಿನಲ್ಲಿ ನೆನೆದಿದ್ದೆ.

ನಿಮ್ಮ ಪ್ರಶ್ನೆಯ ಕೀಲು ಇರುವುದು ಇಲ್ಲಿಯೇ. ಮಳೆಯನ್ನು ಹೊರಗೆ ತಡೆಯುವುದು ಕಷ್ಟದ ಕೆಲಸವೇನಲ್ಲ, ಪ್ಲಾಸ್ಟಿಕ್ ಹಾಳೆಯೂ ತಡೆಯುತ್ತದೆ. ಕಷ್ಟವಿರುವುದು ಒಳಗಿನ ಆವಿಯನ್ನು ಹೊರಗೆ ಕಳಿಸುವುದರಲ್ಲಿ. ಹಾಗಾಗಿ ಮಳೆ ಉಡುಪು ಕೊಳ್ಳುವಾಗ ಎಷ್ಟು ಮಳೆ ಎಂದು ಕೇಳಿಕೊಳ್ಳುವ ಮೊದಲು, ಆ ಮಳೆಯಲ್ಲಿ ನಾನು ಕೂತಿರುತ್ತೇನೋ ನಡೆಯುತ್ತಿರುತ್ತೇನೋ ಎಂದು ಕೇಳಿಕೊಳ್ಳಿ. ಬೈಕಿನ ಮೇಲೆ ಕೂತವನಿಗೆ ದಪ್ಪ ಗೋಡೆ ಬೇಕು. ನಡೆಯುವವನಿಗೆ ಕಿಟಕಿ ಬೇಕು.

ಮಳೆಯ ವಿಷಯಕ್ಕೆ ಬರೋಣ. ವಿಜಯಪುರ, ಬಾಗಲಕೋಟೆಗಳಲ್ಲಿ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸು, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್ ಹೊತ್ತಿಗೆ, ಉತ್ತರಿ, ಹಸ್ತ ಮಳೆಗಳಲ್ಲಿ. ಬೆಳಗಾವಿ ನಗರದಲ್ಲಿ ಅದರ ದುಪ್ಪಟ್ಟು ಬೀಳುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಬೀಳುವುದು ಹಲವು ಪಟ್ಟು. ಇದೇ ಜಿಲ್ಲೆಯ ಅಥಣಿಯಾದರೋ ಮಳೆಯ ಮಟ್ಟಿಗೆ ನಿಮ್ಮ ವಿಜಯಪುರದ ತಮ್ಮ. ಪ್ರಮಾಣಕ್ಕಿಂತಲೂ ಮುಖ್ಯವಾದದ್ದು ಮಳೆಯ ಸ್ವಭಾವ. ನಿಮ್ಮ ಕಡೆ ಮಳೆ ಬಂದರೆ ಅರ್ಧ ಗಂಟೆ ಸುರಿದು ಹೋಗುತ್ತದೆ, ಬಸ್ ನಿಲ್ದಾಣದ ಚಾವಣಿಯ ಕೆಳಗೆ ನಿಂತರೆ ಮುಗಿಯಿತು. ಇಲ್ಲಿ ಜುಲೈನಲ್ಲಿ ಜಡಿ ಹಿಡಿದರೆ ನಿಲ್ಲುವುದಕ್ಕೆ ಕಾಯುವವನು ಕಚೇರಿಗೆ ರಜೆ ಹಾಕಬೇಕಾಗುತ್ತದೆ. ಜೊತೆಗೆ ಪಡುವಣ ಗಾಳಿ. ಅದು ಹನಿಗಳನ್ನು ಅಡ್ಡಡ್ಡ ಹೊಡೆಯುತ್ತದೆ, ಕೊಡೆಯನ್ನು ಮಗುಚಿ ಹಾಕುತ್ತದೆ. ನಿಮ್ಮ ಹಳೆಯ ರೇನ್‌ಕೋಟು ಐದು ವರ್ಷದಲ್ಲಿ ನಿಜವಾಗಿ ನೆನೆದ ಗಂಟೆಗಳನ್ನೆಲ್ಲ ಕೂಡಿಸಿದರೂ ಬೆಳಗಾವಿಯ ಒಂದು ಜುಲೈ ಆಗಲಿಕ್ಕಿಲ್ಲ. ಅದು ಒಂದೇ ವಾರದಲ್ಲಿ ಕೈಕೊಟ್ಟದ್ದಕ್ಕೆ ಬೇರೊಂದು ಕಾರಣವೂ ಇದ್ದೀತು. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮವರು ಮಳೆಗೆ ಎಷ್ಟೊಂದು ಹೆಸರಿಟ್ಟಿದ್ದಾರೆ: ತುಂತುರು, ಜಿಟಿಜಿಟಿ, ಸೋನೆ, ಜಡಿ, ಅಡ್ಡಮಳೆ, ಆಲಿಕಲ್ಲು. ಅಂಗಡಿಯಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಹೆಸರು, ‘ವಾಟರ್‌ಪ್ರೂಫ್’.

ಈಗ ಆ 10,000 ಎಂಎಂ. ಇದು ಮಳೆಯ ಪ್ರಮಾಣವನ್ನು ಹೇಳುವ ಸಂಖ್ಯೆಯಲ್ಲ, ಆದರೆ ಅಂಗಡಿಯಲ್ಲಿ ಹಾಗೆ ವಿವರಿಸುವವರನ್ನು ನಾನು ಕಂಡಿದ್ದೇನೆ. ಬಟ್ಟೆಯ ತುಂಡೊಂದನ್ನು ಉಪಕರಣದಲ್ಲಿ ಬಿಗಿದು, ಒಂದು ಬದಿಯಿಂದ ನೀರಿನ ಒತ್ತಡವನ್ನು ಏರಿಸುತ್ತ ಹೋಗುತ್ತೇವೆ. ಇನ್ನೊಂದು ಬದಿಯಲ್ಲಿ ಮೊದಲ ಹನಿ ಒಸರುತ್ತದೆ, ಎರಡನೆಯದು ಒಸರುತ್ತದೆ. ಮೂರನೆಯ ಜಾಗದಲ್ಲಿ ಹನಿ ಕಂಡಾಗ ಒತ್ತಡವನ್ನು ಬರೆದುಕೊಳ್ಳುತ್ತೇವೆ. ಐಎಸ್‌ಒ 811 ಎಂಬ ಮಾನಕ ಹೇಳುವುದು ಇದನ್ನೇ. 10,000 ಎಂಎಂ ಎಂದರೆ 10 ಮೀಟರ್ ಎತ್ತರದ ನೀರಿನ ಕಂಬದ ಭಾರವನ್ನು ಆ ತುಂಡು ತಡೆದುಕೊಂಡಿತು ಎಂದು ಅರ್ಥ. ಮೂರು ಅಂತಸ್ತಿನ ಮನೆಯ ಎತ್ತರ ಎಂದುಕೊಳ್ಳಿ. ತುಂಡು ಹೊಸದಾಗಿತ್ತು, ಹೊಲಿಗೆ ಇರಲಿಲ್ಲ, ಮಡಿಕೆ ಇರಲಿಲ್ಲ, ಅದರ ಮೇಲೆ ಯಾರೂ ಕೂತಿರಲಿಲ್ಲ ಎಂಬ ಮಾತುಗಳು ಚೀಟಿಯ ಮೇಲೆ ಇರುವುದಿಲ್ಲ.

ಇಷ್ಟು ಒತ್ತಡ ಮಳೆಯಲ್ಲಿ ಎಲ್ಲಿಂದ ಬರುತ್ತದೆ ಎಂದು ನಿಮಗನ್ನಿಸಬಹುದು. ಮಳೆಗಿಂತ ಹೆಚ್ಚಾಗಿ ನಿಮ್ಮ ಮೈಭಾರದಿಂದಲೇ ಬರುತ್ತದೆ. ಒದ್ದೆ ನೆಲದ ಮೇಲೆ ಒಂದು ಮೊಣಕಾಲೂರಿ ಕೂತಿದ್ದೀರಿ ಎನ್ನಿ. ಮೈಭಾರದಲ್ಲಿ 30 ಕಿಲೋ ಆ ಮೊಣಕಾಲಿಗೆ ಬಂತು, ನೆಲಕ್ಕೆ ತಾಗಿದ ಜಾಗ 40 ಚದರ ಸೆಂಟಿಮೀಟರ್. ಆಗ ಅಲ್ಲಿನ ಒತ್ತಡ 7,500 ಎಂಎಂ ನೀರಿನ ಕಂಬಕ್ಕೆ ಸಮ. ನಿಂತಾಗ ಸೋರದ 5,000 ಎಂಎಂ ಪ್ಯಾಂಟು ಬದುವಿನ ಮೇಲೆ ಮೊಣಕಾಲೂರಿದ ಕೂಡಲೇ ಒಸರುವುದು ಇದಕ್ಕೇ. ಬೆನ್ನುಚೀಲದ ಪಟ್ಟಿ ಒತ್ತುವ ಹೆಗಲು, ಸೀಟಿಗೆ ಉಜ್ಜುವ ಕುಂಡಿ, ಇವೆರಡೂ ಅದೇ ಜಾತಿಯ ಜಾಗಗಳು. ಬೈಕಿನಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ದೊಡ್ಡ ಹನಿ ತಾನಾಗಿ ಬೀಳುವ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ನೀವು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರು ಹೋದರೆ ಅದು ನಿಮ್ಮ ಎದೆಗೆ ಬಡಿಯುವುದು 19 ಮೀಟರ್ ವೇಗದಲ್ಲಿ. ಬಡಿತದ ಒತ್ತಡ ವೇಗದ ವರ್ಗದಂತೆ ಏರುವುದರಿಂದ ಅದು ನಿಂತವನಿಗೆ ಬಡಿಯುವುದರ ನಾಲ್ಕು ಪಟ್ಟಿಗೂ ಮಿಗಿಲು. ಕೊಡೆ ಹಿಡಿದು ನಡೆಯುವವನಿಗೆ ಸಾಕಾಗುವ ಬಟ್ಟೆ ಬೈಕಿಗೆ ಸಾಲದು.

ಆದ್ದರಿಂದ ನಿಮ್ಮ ದಿನನಿತ್ಯದ ಓಡಾಟಕ್ಕೆ, ಬೆಳಗಾವಿಯಿಂದ ಖಾನಾಪುರಕ್ಕೆ ಒಂದು ದಿಕ್ಕಿಗೆ ಸುಮಾರು 26 ಕಿಲೋಮೀಟರ್, ಉಸಿರಾಡುವ ಬಟ್ಟೆಯ ಗೊಡವೆಯೇ ಬೇಡ. ನೀವು ಕೂತಿರುತ್ತೀರಿ, ಗಾಳಿ ಬಡಿಯುತ್ತಿರುತ್ತದೆ, ಬೆವರು ಬರುವುದು ಕಡಿಮೆ. ಒಳಗೆ ಗಟ್ಟಿಯಾಗಿ ಲೇಪನವಿರುವ, ಮೇಲಂಗಿ ಮತ್ತು ಪ್ಯಾಂಟು ಬೇರೆಬೇರೆಯಾಗಿರುವ ಬೈಕ್ ರೇನ್‌ಸೂಟು ಸಾಕು. ಇದೇ ನಾನು ಹೇಳಿದ ಅಗ್ಗದ್ದು. ಖಡೇಬಜಾರಿನಲ್ಲೋ ಗಣಪತ ಗಲ್ಲಿಯಲ್ಲೋ ಚೌಕಾಸಿ ಮಾಡಿ ಕೊಳ್ಳಿ, ಎರಡು ಮಳೆಗಾಲ ಬಾಳಿದರೆ ಹಣ ಬಂದಂತೆ. ಆದರೆ ಕೊಳ್ಳುವಾಗ ಬಟ್ಟೆಗಿಂತ ಹೊಲಿಗೆಯನ್ನು ಹೆಚ್ಚು ನೋಡಿ.

ಹೊಲಿಗೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ‘ಬಟ್ಟೆ ಸೋರಿತು’ ಎಂದು ನನ್ನ ಬಳಿ ಬಂದ ಕೋಟುಗಳಲ್ಲಿ ಹೆಚ್ಚಿನವು ಸೋರಿದ್ದು ಹೊಲಿಗೆಯಲ್ಲಿ. ಸೂಜಿ ಹೋದ ಕಡೆಯೆಲ್ಲ ತೂತು ಬೀಳುತ್ತದೆ, ದಾರವೇ ಬತ್ತಿಯಂತೆ ನೀರನ್ನು ಒಳಗೆಳೆಯುತ್ತದೆ. ಅದಕ್ಕೇ ಒಳಬದಿಯಿಂದ ಹೊಲಿಗೆಯ ಮೇಲೆ ಬಿಸಿ ಮಾಡಿ ಪಟ್ಟಿ ಅಂಟಿಸುತ್ತಾರೆ. ಕೋಟನ್ನು ಒಳಗುಹೊರಗು ಮಾಡಿ ನೋಡಿ. ಪ್ರತಿ ಹೊಲಿಗೆಯ ಮೇಲೂ ಬೆರಳಗಲದ ನುಣುಪು ಪಟ್ಟಿ ಕಾಣಬೇಕು. ಹೆಗಲು ಮತ್ತು ಟೊಪ್ಪಿಗೆಗೆ ಮಾತ್ರ ಅಂಟಿಸಿ ಬಗಲು, ಪಕ್ಕೆಗಳನ್ನು ಹಾಗೇ ಬಿಟ್ಟ ಕೋಟುಗಳು ಬಹಳ. ಪ್ಯಾಂಟಿನಲ್ಲಿ ನಾಲ್ಕು ಹೊಲಿಗೆಗಳು ಕೂಡುವ ತೊಡೆಸಂದನ್ನು ವಿಶೇಷವಾಗಿ ನೋಡಿ. ಬೈಕಿನಲ್ಲಿ ಕೂತಾಗ ಮಡಿಲಿನಲ್ಲಿ ಚಿಕ್ಕ ಕೆರೆಯೇ ಕಟ್ಟುತ್ತದೆ, ಆ ಕೆರೆಯ ತೂಬು ಅಲ್ಲಿಯೇ ಇರುವುದು. ಕಚೇರಿಗೆ ಹೋಗಿ ಎದ್ದು ನಿಂತಾಗ ಆಗುವ ಮುಜುಗರ ನಿಮಗೂ ಗೊತ್ತಿದ್ದೀತು.

ಅಂಗಡಿಯಲ್ಲಿ ನಾನು ಮಾಡುವ ಪರೀಕ್ಷೆ ಸರಳ. ತೋಳಿನ ತುದಿಯನ್ನು ಮಡಚಿ ಹಿಡಿದು, ಬಗಲಿನ ಕಡೆಯಿಂದ ಒಂದು ಲೋಟ ನೀರು ಹೊಯ್ದು, ಹೊಲಿಗೆ ಇರುವ ಕಡೆ ಕೈಯಿಂದ ಹಿಂಡುತ್ತೇನೆ. ಅಂಗಡಿಯವರು ಒಪ್ಪದಿದ್ದರೆ, ಹೊಲಿಗೆಯ ಮೇಲೆ ಬಾಯಿಟ್ಟು ಜೋರಾಗಿ ಊದುತ್ತೇನೆ. ಆಚೆ ಬದಿಗೆ ಹಿಡಿದ ಅಂಗೈಗೆ ಗಾಳಿ ತಾಗಿದರೆ ನೀರೂ ಬರುತ್ತದೆ. ಜಿಪ್ಪಿನ ಮೇಲೆ ಒಂದಲ್ಲ, ಎರಡು ಮಡಿಕೆಯ ಮುಚ್ಚಳವಿರಲಿ, ಎದುರುಗಾಳಿಗೆ ಒಂದು ಮಡಿಕೆ ಸೋಲುತ್ತದೆ. ಮುಂಗೈಗೆ ಬಿಗಿಯುವ ಪಟ್ಟಿ, ಕತ್ತಿಗೆ ಕುಂಚಿಗೆಯಂತೆ ಸುತ್ತಿ ಹಿಡಿಯುವ ಕೊರಳಪಟ್ಟಿ ಇರಲಿ. ಪ್ಯಾಂಟು ಬೂಟಿನ ಒಳಗೆ ಹೋಗಬಾರದು, ಬೂಟಿನ ಮೇಲೆ ಇಳಿಬೀಳಬೇಕು. ಇಲ್ಲದಿದ್ದರೆ ಬೂಟೇ ಬಿಂದಿಗೆಯಾಗುತ್ತದೆ.

ಪೊಂಚೊ ಎಂದು ಮಾರುವ ಹೊದಿಕೆಯನ್ನು ಬೈಕಿನಲ್ಲಿ ತೊಡಲೇಬೇಡಿ. ಸೆರಗು, ವೇಲುಗಳು ಚಕ್ರಕ್ಕೆ ಸಿಕ್ಕು ಆಗುವ ಅನಾಹುತ ಇದರಲ್ಲಿಯೂ ಆಗುತ್ತದೆ. ಸೀರೆಯುಟ್ಟು ಸ್ಕೂಟರ್ ಓಡಿಸುವವರಿಗೂ ಇದೇ ಮಾತು: ಉದ್ದನೆಯ ನಿಲುವಂಗಿಗಿಂತ ಸೀರೆಯನ್ನು ಮೊಣಕಾಲಿಗೆ ಎತ್ತಿ ಅಗಲವಾದ ಮಳೆ ಪ್ಯಾಂಟಿನೊಳಗೆ ಸೇರಿಸುವುದೇ ವಾಸಿ. ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ, ಬೆನ್ನ ಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ ಇರಲಿ. ಚೋರ್ಲಾ ಕಡೆ ಮಂಜು ಕವಿದಾಗ ಕಪ್ಪು ಕೋಟಿನವನು ಹತ್ತು ಮಾರು ದೂರದಲ್ಲಿಯೂ ಲಾರಿಯವನಿಗೆ ಕಾಣುವುದಿಲ್ಲ. ಕೆಸರು ಕಾಣುವುದಿಲ್ಲ ಎಂಬ ಕಾರಣಕ್ಕೆ ಕಪ್ಪನ್ನು ಆರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಜಾಂಬೋಟಿಯ ಆಚೆ ನಡೆಯುವ ದಿನಗಳು. ಇಲ್ಲಿ ಬಟ್ಟೆಯ ಒಳಗುಟ್ಟನ್ನು ತುಸು ತಿಳಿದುಕೊಂಡರೆ ಅಂಗಡಿಯವರ ಮಾತಿಗೆ ಮರುಳಾಗುವುದು ತಪ್ಪುತ್ತದೆ. ನೇಯ್ದ ಬಟ್ಟೆ ಎಂದರೆ ಹಾಸು ಮತ್ತು ಹೊಕ್ಕಿನ ನಡುವೆ ಲೆಕ್ಕವಿಲ್ಲದಷ್ಟು ಕಿಂಡಿಗಳು. ಅಗ್ಗದ ಕೋಟಿನ ಚೀಟಿಯಲ್ಲಿ 190ಟಿ ಎಂದಿರುತ್ತದೆ. ಅದು ಒಂದು ಅಂಗುಲ ಉದ್ದ, ಒಂದು ಅಂಗುಲ ಅಗಲದಲ್ಲಿರುವ ಎಳೆಗಳ ಒಟ್ಟು ಲೆಕ್ಕ. ಎಷ್ಟೇ ಒತ್ತಾಗಿ ನೇಯ್ದರೂ ಕಿಂಡಿ ಉಳಿಯುತ್ತದೆ. ಅದನ್ನು ಮುಚ್ಚುವ ಜಾಣ್ಮೆಯ ಕಥೆ ದೊಡ್ಡದು. 1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂತಾಶ್ ರಬ್ಬರನ್ನು ನಾಫ್ತಾ ಎಂಬ ದ್ರಾವಕದಲ್ಲಿ ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ಪೇಟೆಂಟ್ ಪಡೆದ. ನೀರು ನಿಂತಿತು, ಬೆವರೂ ನಿಂತಿತು. ಇಂದಿನ ಪಿವಿಸಿ ಮತ್ತು ಪಿಯು (ಪಾಲಿಯುರೆಥೇನ್) ಎಂಬ ಪ್ಲಾಸ್ಟಿಕ್ ಲೇಪನಗಳ ಕೋಟುಗಳು ಅವನ ಮೊಮ್ಮಕ್ಕಳು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಬಿಸಿ ಮಾಡಿದ ಪಿಟಿಎಫ್‌ಇ (ನಾನ್‌ಸ್ಟಿಕ್ ಬಾಣಲೆಗೆ ಬಳಿಯುವ ಪ್ಲಾಸ್ಟಿಕ್) ಕಡ್ಡಿಯನ್ನು ಮೆಲ್ಲಗೆ ಎಳೆದು ಎಳೆದು ಬೇಸತ್ತು ಒಮ್ಮೆಲೇ ಜಗ್ಗಿದ. ಕಡ್ಡಿ ತುಂಡಾಗದೆ ಹಲವು ಪಟ್ಟು ಹಿಗ್ಗಿ, ಒಳಗೆಲ್ಲ ಸೂಕ್ಷ್ಮ ರಂಧ್ರಗಳಾದವು. ನೀರಿನ ಹನಿಗಿಂತ ಸುಮಾರು 20,000 ಪಟ್ಟು ಚಿಕ್ಕವು, ನೀರಾವಿಯ ಕಣಕ್ಕಿಂತ ಸುಮಾರು 700 ಪಟ್ಟು ದೊಡ್ಡವು. ಹನಿ ಒಳಗೆ ಬರದು, ಆವಿ ಹೊರಗೆ ಹೋದೀತು. ಹೀಗೆ ಹಿಗ್ಗಿಸಿದ ತೆಳು ಪೊರೆಯನ್ನು ಬಟ್ಟೆಗೆ ಅಂಟಿಸಿದ್ದೇ ಗೋರ್‌ಟೆಕ್ಸ್.

ಹೊರಗೆ ಹೋದೀತು ಎಂದೆ, ಹೋಗುತ್ತದೆ ಎನ್ನಲಿಲ್ಲ. ಆ ಪೊರೆಯಲ್ಲಿ ಪಂಪ್ ಇಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದರೆ ಮಾತ್ರ ಆವಿ ಆಚೆಗೆ ಸರಿಯುತ್ತದೆ. ಜಾಕೆಟ್ಟಿನ ಒಳಗೆ 32 ಡಿಗ್ರಿ, ಪೂರ್ತಿ ತೇವ ಎಂದುಕೊಳ್ಳಿ. ಹಿಮಾಲಯದ ತಪ್ಪಲಲ್ಲಿ ಹೊರಗೆ 5 ಡಿಗ್ರಿಯ ಥಂಡಿ ಇದ್ದಾಗ ಇರುವ ಒತ್ತಡದ ವ್ಯತ್ಯಾಸಕ್ಕೆ ಹೋಲಿಸಿದರೆ, 24 ಡಿಗ್ರಿಯಲ್ಲಿ ಗಾಳಿಯೇ ನೀರು ಕುಡಿದು ಕೂತಿರುವ ಜಾಂಬೋಟಿಯಲ್ಲಿ ವ್ಯತ್ಯಾಸ ಅರ್ಧದಷ್ಟು. ಅದೇ ಜಾಕೆಟ್, ಅದೇ ಪೊರೆ, ಕೆಲಸ ಅರ್ಧ. ಅದರ ಮೇಲೆ ಹೊರಬಟ್ಟೆ ನೀರು ಹೀರಿ ತೊಪ್ಪೆಯಾದರೆ ಉಳಿದರ್ಧವೂ ಹೋಯಿತು. ಗುಡ್ಡ ಹತ್ತುವವನು ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರಬಲ್ಲ. ಚೀಟಿಯ ಮೇಲೆ ‘10,000 ಗ್ರಾಂ’ ಎಂದಿದ್ದರೂ ಅದು ಹೊರಹೋಗುವ ಆವಿಯ ಲೆಕ್ಕ, ಒಂದು ಚದರ ಮೀಟರ್ ಬಟ್ಟೆಗೆ, ಇಡೀ 24 ಗಂಟೆಗೆ, ಪ್ರಯೋಗಾಲಯದ ಅನುಕೂಲದಲ್ಲಿ. ಗಂಟೆಗೆ ಲೆಕ್ಕ ಹಾಕಿದರೆ 400 ಗ್ರಾಂ ಚಿಲ್ಲರೆ. ಅಲ್ಲದೆ ಈ ಅಳತೆಗೆ ಹಲವು ವಿಧಾನಗಳಿವೆ. ಒಂದು ಕಂಪನಿಯ 10,000 ಇನ್ನೊಂದರ 10,000ಕ್ಕೆ ಸಮವಲ್ಲ. ಕೆಲವು ಚೀಟಿಗಳಲ್ಲಿ ಆರ್‌ಇಟಿ ಎಂಬ ಅಂಕಿ ಇರುತ್ತದೆ, ಬಟ್ಟೆ ಆವಿಗೆ ಎಷ್ಟು ಅಡ್ಡಿ ಮಾಡುತ್ತದೆ ಎಂಬುದರ ಅಳತೆ. ಅದು ಕಡಿಮೆಯಿದ್ದಷ್ಟೂ ಒಳ್ಳೆಯದು: 6ಕ್ಕಿಂತ ಕೆಳಗಿದ್ದರೆ ಬಹಳ ಚೆನ್ನ, 20 ದಾಟಿದರೆ ಪ್ಲಾಸ್ಟಿಕ್ಕಿನ ನೆಂಟ.

ನಡೆಯುವವನಿಗೆ ಕಿಟಕಿ ಬೇಕು ಎಂದದ್ದು ಇದಕ್ಕೇ. ಬಗಲಿನಿಂದ ಪಕ್ಕೆಯವರೆಗೆ ಇಳಿಯುವ ಜಿಪ್ ಇರುವ ಜಾಕೆಟ್ ಕೊಳ್ಳಿ. ಅದು ನಮ್ಮ ಹವೆಯಲ್ಲಿ ಯಾವ ಪೊರೆಗಿಂತಲೂ ಹೆಚ್ಚು ಆವಿಯನ್ನು ಹೊರದೂಡುತ್ತದೆ. ಅಳತೆ ತುಸು ಸಡಿಲವಿರಲಿ, ತೊಡೆಯ ಮೇಲ್ಭಾಗ ಮುಚ್ಚುವಷ್ಟು ಉದ್ದವಿರಲಿ. ಟೊಪ್ಪಿಗೆಗೆ ಹಣೆಯ ಮುಂದೆ ಚಾಚಿದ ಗಟ್ಟಿ ಅಂಚು ಇರಲಿ. ಕನ್ನಡಕದವರಾದರೆ ಅದಿಲ್ಲದೆ ನಡೆಯುವುದೇ ಕಷ್ಟ. ನಿಮಗೆ ತೋರಿಸಿದ 10,000 ಎಂಎಂ ಜಾಕೆಟ್ಟಿನಲ್ಲಿ ಬಗಲಿನ ಜಿಪ್ಪು ಮತ್ತು ಪೂರ್ತಿ ಹೊಲಿಗೆಪಟ್ಟಿ ಎರಡೂ ಇದ್ದರೆ ಕೊಳ್ಳಿ. 20,000ದ ಆಸೆ ಬೇಡ. ಬಗಲಿನ ಜಿಪ್ ಇಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ ಎನ್ನುವವನು ನಾನು. ಚಿಕ್ಕ ದೂರ ನಡೆಯುವುದಾದರೆ, ಗಾಳಿ ಕಡಿಮೆಯಿದ್ದರೆ, ಕೊಡೆಯೇ ಎಲ್ಲಕ್ಕಿಂತ ಚೆನ್ನಾಗಿ ಉಸಿರಾಡುತ್ತದೆ ಎಂಬುದನ್ನೂ ಮರೆಯಬೇಡಿ. ಖಾನಾಪುರದ ಕಡೆಯ ಗದ್ದೆಗಳಲ್ಲಿ ನಾಟಿ ಮಾಡುವವರು ಬೆನ್ನ ಮೇಲೆ ಬೋರಲು ಹಾಕಿಕೊಳ್ಳುತ್ತಿದ್ದ ಎಲೆಯ ಹೊದಿಕೆಯನ್ನು ನೆನೆಯಿರಿ. ಮಲೆನಾಡಿನಲ್ಲಿ ಗೊರಬು, ಇಲ್ಲಿನ ಮರಾಠಿ ಮಾತಿನಲ್ಲಿ ಇರಲೆ. ಬಾಗಿ ದುಡಿಯುವ ಬೆನ್ನಿಗೆ ಮೇಲೆ ಚಾವಣಿ, ಎರಡೂ ಪಕ್ಕದಲ್ಲಿ ಗಾಳಿ. ಯಾವ ಚೀಟಿಯೂ ಇಲ್ಲದೆ ಈ ಸಮಸ್ಯೆಯನ್ನು ಅವರು ಬಿಡಿಸಿದ್ದರು.

ಒಳಗೆ ಏನು ತೊಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ನೇಕಾರರ ಮನೆಯವನಾಗಿ ಹೇಳಲು ಸಂಕಟವಾಗುತ್ತದೆ, ಆದರೂ ಮಳೆಯಲ್ಲಿ ನಡೆಯುವಾಗ ಹತ್ತಿಯ ಬನಿಯನ್ ಬೇಡ. ಅದು ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ನಿಂತು ಗಾಳಿ ತಾಗಿದ ಕೂಡಲೇ ಮೈ ನಡುಗುತ್ತದೆ. ಆಟದವರು ತೊಡುವ ತೆಳು ಪಾಲಿಯೆಸ್ಟರ್ ಬನಿಯನ್ ಬೇಗ ಒಣಗುತ್ತದೆ. ಚಳಿ ಇದ್ದರೆ ಉಣ್ಣೆ. ಉಣ್ಣೆಯ ಎಳೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ, ಹೀರುವಾಗ ತುಸು ಬಿಸಿಯನ್ನೂ ಕೊಡುತ್ತದೆ. ನಮ್ಮ ಕುರುಬರು ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿಯ ಹಿಂದೆ ದಿನವಿಡೀ ನಿಲ್ಲುವುದರ ಗುಟ್ಟು ಅದು. ಆ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಅದರಿಂದ ಕಂಬಳಿ ಸೆಟೆದು ನಿಲ್ಲುತ್ತದೆ, ಮಳೆಹನಿ ಜಾರಿ ಹೋಗುತ್ತದೆ. ಭಾರವೇನೋ ಹೌದು, ಒಣಗುವುದಕ್ಕೆ ವಾರ ಬೇಕು. ಕಚೇರಿಗೆ ಹೊದ್ದು ಹೋಗಿ ಎಂದು ನಾನು ಹೇಳುತ್ತಿಲ್ಲ.

ಊರಿನ ಹೊಲಕ್ಕೆ ಹೊಸದೇನೂ ಬೇಡ. ವಿಜಯಪುರದ ಮಳೆಯಲ್ಲಿ ನಿಮಗೆ ತೊಂದರೆ ಕೊಡುವುದು ನೀರಿಗಿಂತ ಎರೆಮಣ್ಣು. ಹೆಜ್ಜೆಗೆ ಕಿಲೋದಂತೆ ಅಂಟುವ ಆ ಮಣ್ಣಿಗೆ ಮೊಣಕಾಲುದ್ದದ ಗಮ್‌ಬೂಟ್ ಬೇಕು. ಪಾದಕ್ಕೆ ಬಿಗಿಯಾಗಿರಲಿ, ಇಲ್ಲದಿದ್ದರೆ ಬೂಟು ಮಣ್ಣಿನಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಸಿಡಿಲು ಹೊತ್ತು ಬರುತ್ತದೆ. ಆಗ ಯಾವ ಜಾಕೆಟ್ಟೂ ಲೆಕ್ಕಕ್ಕಿಲ್ಲ. ಬಯಲಲ್ಲಿ ಕೊಡೆ ಬಿಚ್ಚುವುದೂ ಬೇವಿನ ಮರದ ಕೆಳಗೆ ನಿಲ್ಲುವುದೂ ಎರಡೂ ತಪ್ಪು. ಗುಡುಗು ಕೇಳಿದೊಡನೆ ಪಕ್ಕಾ ಮನೆಯನ್ನೋ ಮುಚ್ಚಿದ ವಾಹನವನ್ನೋ ಸೇರಿಕೊಳ್ಳಿ.

ಕೇದಾರಕಂಠಕ್ಕೆ ನಡಿಗೆಯ ಜಾಕೆಟ್ಟೇ ಹೊರಪದರವಾಗುತ್ತದೆ. ಸುಮಾರು 3,800 ಮೀಟರ್ ಎತ್ತರದ ಶಿಖರ, ಡಿಸೆಂಬರಿನಲ್ಲಿ ಸೊನ್ನೆಗಿಂತ ಕೆಳಗಿನ ಚಳಿ. ಒಣ ಹಿಮ ಮಳೆಯಂತೆ ತೋಯಿಸುವುದಿಲ್ಲ, ಕೊಡವಿದರೆ ಉದುರುತ್ತದೆ. ಅಲ್ಲಿ ಜಾಕೆಟ್ಟಿನ ಕೆಲಸ ಗಾಳಿ ತಡೆಯುವುದು, ಹಿಮದ ಮೇಲೆ ಕೂತಾಗ ನೀರು ಬಿಡದಿರುವುದು. ಬೆಳಗಾವಿಯಲ್ಲಿ ಅರ್ಧ ಕೆಲಸ ಮಾಡಿದ ಪೊರೆ ಅಲ್ಲಿ ಪೂರ್ತಿ ಕೆಲಸ ಮಾಡುತ್ತದೆ. ಕೊಟ್ಟ ಹಣಕ್ಕೆ ನ್ಯಾಯ ಸಿಗುವುದು ಅಲ್ಲಿಯೇ. ಒಳಗೆ ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ಗರಿ ತುಂಬಿದ ತೆಳು ಜಾಕೆಟ್ ಹಿಡಿಸುವಷ್ಟು ದೊಡ್ಡ ಅಳತೆಯನ್ನು ಈಗಲೇ ಕೊಳ್ಳಿ. ಗರಿ ಒದ್ದೆಯಾದರೆ ಮುದ್ದೆಗಟ್ಟಿ ಕೆಲಸಕ್ಕೆ ಬಾರದಂತಾಗುತ್ತದೆ, ಆದ್ದರಿಂದ ಏರು ಹತ್ತುವಾಗ ಬೆವರುವ ಮೊದಲೇ ಅದನ್ನು ತೆಗೆದು ಚೀಲಕ್ಕೆ ಹಾಕಿ. ಬೈಕಿನ ರೇನ್‌ಸೂಟನ್ನು ಅಲ್ಲಿಗೆ ಒಯ್ಯಬೇಡಿ. ಒಳಗಿನ ಬೆವರು ಹೊರಗೆ ಹೋಗದೆ, ವಿಶ್ರಾಂತಿಗೆ ನಿಂತಾಗ ಮೈಮೇಲೆಯೇ ತಣ್ಣೀರಾಗುತ್ತದೆ.

ಕೊಂಡ ಮೇಲೆ ಅದನ್ನು ಕೆಡಿಸುವವರು ನಾವೇ. ಒಳ್ಳೆಯ ಜಾಕೆಟ್ಟಿನ ಹೊರಮೈಗೆ ನೀರನ್ನು ಕೆಸುವಿನ ಎಲೆಯ ಮೇಲಿನಂತೆ ಉರುಳಿಸುವ ಒಂದು ಲೇಪವಿರುತ್ತದೆ. ಧೂಳು, ಎಣ್ಣೆ, ಬಟ್ಟೆಸೋಪಿನ ಪುಡಿ ಅದನ್ನು ಮಂಕು ಮಾಡುತ್ತವೆ. ಆಗ ಹೊರಬಟ್ಟೆ ನೀರು ಹೀರುತ್ತದೆ, ಜನ ‘ಸೋರುತ್ತಿದೆ’ ಎನ್ನುತ್ತಾರೆ. ಹದವಾದ ದ್ರವ ಸೋಪಿನಲ್ಲಿ ತೊಳೆದು, ಎರಡು ಸಲ ಜಾಲಿಸಿ, ನೆರಳಿನಲ್ಲಿ ಒಣಗಿಸಿ, ಮೇಲೆ ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಆಡಿಸಿದರೆ ಲೇಪ ಮತ್ತೆ ಎಚ್ಚರಗೊಳ್ಳುತ್ತದೆ. ಚೀಟಿಯಲ್ಲಿ ಇಸ್ತ್ರಿ ಬೇಡ ಎಂದಿದ್ದರೆ ಬೇಡ. ಬಟ್ಟೆ ಮೃದು ಮಾಡುವ ದ್ರಾವಣವನ್ನಂತೂ ಹತ್ತಿರ ಸುಳಿಯಗೊಡಬೇಡಿ. ಹಳೆಯ ಲೇಪಗಳಲ್ಲಿದ್ದ ಫ್ಲೋರಿನ್ ರಾಸಾಯನಿಕಗಳು ಮಣ್ಣು, ನೀರಿನಲ್ಲಿ ಕೊಳೆಯದೆ ಉಳಿಯುವುದರಿಂದ ಅವುಗಳಲ್ಲಿ ಒಂದಾದ ಪಿಎಫ್‌ಒಎಯನ್ನು 2019ರಲ್ಲಿ, ಇಂಥ ರಾಸಾಯನಿಕಗಳನ್ನು ಜಗತ್ತಿನಾದ್ಯಂತ ನಿಯಂತ್ರಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು. ಈಗ ಬರುವ ಫ್ಲೋರಿನ್ ಇಲ್ಲದ ಲೇಪಗಳು ನೀರನ್ನು ತಡೆಯುತ್ತವೆ, ಎಣ್ಣೆಗೆ ಮಾತ್ರ ಬೇಗ ಸೋಲುತ್ತವೆ. ಬೈಕಿನ ಚೈನಿನ ಗ್ರೀಸ್ ಹತ್ತಿದ ಕೈಯಿಂದ ಮುಟ್ಟಬೇಡಿ, ಅಷ್ಟೇ.

ಕೊನೆಗೆ ನಿಮ್ಮ ಹಳೆಯ ರೇನ್‌ಕೋಟು. ಅದರ ಒಳಮೈಯನ್ನು ಮುಟ್ಟಿ ನೋಡಿ. ಅಂಟಂಟಾಗಿದ್ದು ಬಿಳಿ ಹೊಟ್ಟಿನಂತೆ ಉದುರುತ್ತಿದ್ದರೆ ಅದು ಪಿಯು ಲೇಪನ; ತೇವ ಮತ್ತು ಬಿಸಿಯಲ್ಲಿ ಅದರ ಅಣುಗಳ ಕೊಂಡಿಗಳು ವರ್ಷಗಳುದ್ದಕ್ಕೂ ಕಳಚಿಕೊಳ್ಳುತ್ತವೆ. ಮಳೆಗಾಲದ ಕೊನೆಯಲ್ಲಿ ಅರೆಬರೆ ಒಣಗಿದ್ದನ್ನು ಮಡಚಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಅಟ್ಟದ ಮೇಲೆ ಎಸೆದಿದ್ದರೆ ಹೀಗಾಗುತ್ತದೆ. ಸೆಟೆದು, ಮಡಿಕೆಯಲ್ಲಿ ಬಿರುಕು ಬಿಟ್ಟಿದ್ದರೆ ಅದು ಪಿವಿಸಿ. ಅದನ್ನು ಮೆತ್ತಗಿಟ್ಟಿದ್ದ ವಸ್ತು ವಿಜಯಪುರದ 40 ಡಿಗ್ರಿಯ ಬೇಸಿಗೆಗಳಲ್ಲಿ ಆರಿಹೋಗಿದೆ. ಎರಡಕ್ಕೂ ಔಷಧಿಯಿಲ್ಲ. ಒಳಮೈ ನುಣುಪಾಗಿಯೇ ಇದ್ದು ಹೊಲಿಗೆಯ ಪಟ್ಟಿ ಮಾತ್ರ ಎದ್ದಿದ್ದರೆ, ಹೊಲಿಗೆಗೆ ಬಳಿಯುವ ಅಂಟು ಟ್ಯೂಬಿನಲ್ಲಿ ಸಿಗುತ್ತದೆ. ಬಳಿದು ಒಂದು ರಾತ್ರಿ ಗಾಳಿಗೆ ತೂಗುಹಾಕಿ, ಇನ್ನೆರಡು ವರ್ಷ ಬಾಳುತ್ತದೆ. ಪೂರ್ತಿ ಕೆಟ್ಟಿದ್ದರೂ ಬೆನ್ನಿನ ಭಾಗ ಸಾಮಾನ್ಯವಾಗಿ ಗಟ್ಟಿಯಿರುತ್ತದೆ. ಅದನ್ನು ಕತ್ತರಿಸಿ ಬೈಕಿನ ಸೀಟಿಗೊಂದು ಹೊದಿಕೆ ಹೊಲಿಸಿ, ಹೊಲಿಗೆ ಪಕ್ಕಕ್ಕೆ ಬರಲಿ, ಮೇಲೆ ಬರದಿರಲಿ. ಖಾನಾಪುರದ ಕಚೇರಿಯ ಅಂಗಳದಲ್ಲಿ ದಿನವಿಡೀ ನೆನೆದ ಸೀಟಿನ ಮೇಲೆ ಸಂಜೆ ಕೂರುವವರು ನೀವೇ ತಾನೇ.